ಷರಾ ಕಾಲಂನಲ್ಲಿ ನಾನು ಬರೆದದ್ದು

ಹೋದ ತಿಂಗಳು ಸ್ಟಾಫ್ ರೂಮಿಗೆ ಸುಣ್ಣ ಹೊಡೆಸಲು ಬೀರುಗಳನ್ನೆಲ್ಲ ಖಾಲಿ ಮಾಡಬೇಕಾಯಿತು. ಹಳೇ ಪ್ರಗತಿ ಪತ್ರಗಳ ಒಂದು ಕಟ್ಟು ನನ್ನ ಕೈಗೆ ಬಂತು. ಸುಮ್ನೆ ತಿರುವಿ ಹಾಕುತ್ತಿದ್ದೆ. ಒಂದು ಪತ್ರದ ಹತ್ತಿರ ಕೈ ನಿಂತಿತು. ಒಂಬತ್ತನೇ ತರಗತಿಯ ಹುಡುಗನದು. ಷರಾ ಕಾಲಂನಲ್ಲಿ ನನ್ನದೇ ಅಕ್ಷರ. ಮೊದಲ ಕಿರುಪರೀಕ್ಷೆ, ಅಂದರೆ ಎಫ್‌ಎ 1: ಗಮನ ಕೊಡುವುದಿಲ್ಲ. ಎಫ್‌ಎ 2: ಗಮನ ಕೊಡುವುದಿಲ್ಲ. ಅರ್ಧವಾರ್ಷಿಕ ಪರೀಕ್ಷೆ, ಎಸ್‌ಎ 1: ಓದಿನಲ್ಲಿ ಆಸಕ್ತಿ ಇಲ್ಲ, ಗಮನ ಕೊಡಬೇಕು. ಕೆಳಗೆ ಅವನ ಅಮ್ಮನ ಸಹಿ. ಆ ಸಹಿಯನ್ನು ಎಷ್ಟು ಒತ್ತಿ ಬರೆದಿದ್ದರು ಅಂದರೆ ಹಾಳೆಯ ಹಿಂದೆಯೂ ಬೆರಳಿಗೆ ಸಿಗುತ್ತಿತ್ತು. ಆ ವರ್ಷ ನನ್ನ ಕ್ಲಾಸಿನಲ್ಲಿ ಎಲ್ಲರಿಗಿಂತ ಜಾಸ್ತಿ ಗಮನ ಕೊಡುತ್ತಿದ್ದವನು ಅವನೇ. ಅದು ನನಗೆ ಗೊತ್ತಾಗಲು ಜನವರಿ ಬರಬೇಕಾಯಿತು.

ನಾನು ಪೀಣ್ಯದ ಕಡೆ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಸುತ್ತ ಗಾರ್ಮೆಂಟ್ಸು, ಲೇತ್ ಮಷೀನಿನ ಶೆಡ್ಡುಗಳು, ಒಂದೇ ಕೋಣೆಯ ಬಾಡಿಗೆ ಮನೆಗಳು. ನಮ್ಮ ಮಕ್ಕಳ ಮನೆಮಾತು ತೆಲುಗು, ಉರ್ದು, ತಮಿಳು, ರಾಯಚೂರು ಕನ್ನಡ, ತುಮಕೂರು ಕನ್ನಡ. ಅವತ್ತಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ಹುಡುಗನನ್ನು ದಿನಕ್ಕೆ ಆರು ಜನ ಟೀಚರುಗಳು ನೋಡುತ್ತಿದ್ದೆವು. ಆರೂ ಜನ ಹೇಗೆ ನೋಡದೇ ಹೋದೆವು?

ಪುಟ ತಪ್ಪಿದ ದಿನ

ಆಗ ನಾನು ಸರದಿಯಲ್ಲಿ ಓದಿಸುತ್ತಿದ್ದೆ. ಮೊದಲ ಬೆಂಚಿನಿಂದ ಶುರು, ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ. ಅವನು ನಾಲ್ಕನೇ ಬೆಂಚು. ಅವನ ಸರದಿ ಬಂದಾಗ ಸಲೀಸಾಗಿ ಹೇಳುತ್ತಿದ್ದ. ಸ್ವಲ್ಪ ವೇಗ ಜಾಸ್ತಿ, ಅಷ್ಟೇ. ಬರೆಯುವಾಗ ಮಾತ್ರ ಏನೇನೋ ಗೀಚುತ್ತಿದ್ದ. ಅದಕ್ಕೇ ನನಗೆ ಕೋಪ. ಇಷ್ಟು ಚೆನ್ನಾಗಿ ಓದುವವನು ಬರೆಯುವಾಗ ಯಾಕೆ ಹೀಗೆ, ಇದು ಸೋಮಾರಿತನವೇ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ.

ಒಂದು ದಿನ ಹಿಂದಿನ ಬೆಂಚಿನಿಂದ ಶುರು ಮಾಡಿಸಿದೆ. ಅವನ ಸರದಿ ಬಂತು. ಪುಸ್ತಕ ಹಿಡಿದು ಎದ್ದು ನಿಂತ. ಒಂದು ಕ್ಷಣ ಸುಮ್ಮನಿದ್ದು ಗಡಗಡ ಅಂತ ಒಂದು ಪ್ಯಾರಾ ಹೇಳಿದ. ಒಂದು ಪದವೂ ತಪ್ಪಿಲ್ಲ. ಆದರೆ ಅದು ಆಗ ಓದಬೇಕಾಗಿದ್ದ ಪ್ಯಾರಾ ಅಲ್ಲ, ಎರಡು ಪುಟ ಹಿಂದಿನದು. ಕ್ಲಾಸೆಲ್ಲ ನಕ್ಕಿತು. ನನ್ನನ್ನು ಆಡಿಕೊಳ್ಳುತ್ತಿದ್ದಾನೆ ಅನ್ನಿಸಿತು. ಹೊರಗೆ ನಿಲ್ಲಿಸಿದೆ. ಮಳೆಯ ದಿನ. ಕಾರಿಡಾರಿನ ಒಳಗೆ ಎರಚಲು ಬರುತ್ತಿತ್ತು. ಪೀರಿಯಡ್ ಮುಗಿದು ನಾನು ಹೊರಗೆ ಬಂದಾಗ ಅವನ ಒಂದು ಭುಜ ಒದ್ದೆಯಾಗಿತ್ತು. ಸರಿದು ನಿಂತುಕೊಳ್ಳಲು ಜಾಗ ಇತ್ತು, ನಿಂತುಕೊಂಡಿರಲಿಲ್ಲ.

ಅವನು ಏನು ಮಾಡುತ್ತಿದ್ದ ಅಂತ ಆಮೇಲೆ ತಿಳಿಯಿತು. ತಲೆ ಎಣಿಸಿ ತನ್ನ ಪಾಲಿಗೆ ಯಾವ ಪ್ಯಾರಾ ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕುತ್ತಿದ್ದ. ಪಕ್ಕದ ಹುಡುಗನ ಹತ್ತಿರ ಅದನ್ನು ಮೆಲ್ಲಗೆ ಓದಿಸಿಕೊಳ್ಳುತ್ತಿದ್ದ. ತನ್ನ ಸರದಿ ಬರುವಷ್ಟರಲ್ಲಿ ಇಡೀ ಪ್ಯಾರಾ ಬಾಯಿಪಾಠ ಆಗಿರುತ್ತಿತ್ತು. ಹತ್ತು ನಿಮಿಷದಲ್ಲಿ ಎಂಟು ಸಾಲು, ಅದೂ ಪಿಸುಮಾತಿನಲ್ಲಿ ಕೇಳಿ! ನನ್ನ ಕೈಲಿ ಆಗದ ಕೆಲಸ ಅದು. ಇಷ್ಟು ಕಷ್ಟಪಟ್ಟು ಮರ್ಯಾದೆ ಉಳಿಸಿಕೊಳ್ಳುತ್ತಿದ್ದ ಹುಡುಗನ ಬಗ್ಗೆ ನಾನು ಬರೆದದ್ದು, ಗಮನ ಕೊಡುವುದಿಲ್ಲ.

ಗುಟ್ಟು ಬಿಡಿಸಿದ್ದು ನಮ್ಮ ಪಿಟಿ ಸರ್. ಕಬಡ್ಡಿ ಟೀಮಿನ ಪಟ್ಟಿ ಮಾಡುವಾಗ ನೋಡಿದ್ದರಂತೆ. 'ಮೇಡಂ, ಅವನು ಎಲ್ರ ಹೆಸರು, ತೂಕ, ಹುಟ್ಟಿದ ದಿನ ಬಾಯಲ್ಲೇ ಹೇಳ್ತಾನೆ. ಪೆನ್ನು ಕೊಟ್ರೆ ಮಾತ್ರ ಪಕ್ಕದವನಿಗೆ ದಾಟಿಸ್ತಾನೆ. ಯಾಕೆ ಅಂತ ಒಂದ್ಸಲ ನೋಡಿ' ಅಂದರು. ಆ ಸಂಜೆ ಬೆಲ್ ಆದ ಮೇಲೆ ಅವನನ್ನು ಕೂರಿಸಿಕೊಂಡೆ. ನೋಡಿರದ ಒಂದು ಪುಟ ಕೊಟ್ಟೆ. 'ಮನೆ', 'ಮರ', 'ಕಾಲುವೆ' ಎಲ್ಲ ಓದಿದ. 'ಸೂರ್ಯ' ಬಂತು. ತುಂಬ ಹೊತ್ತು ನೋಡಿ 'ಸೂಯರ' ಅಂದ.

ಆ ಪದವನ್ನು ನಾನು ಹೊಸದಾಗಿ ನೋಡಿದಂತಾಯಿತು. ನಮ್ಮ ಲಿಪಿ ತುಂಬ ಸರಳ, ಬರೆದಂತೆ ಓದುತ್ತೇವೆ ಅಂತ ಹೆಮ್ಮೆಯಿಂದ ಹೇಳುತ್ತೇವಲ್ಲ. ಆದರೆ ಅರ್ಕಾವೊತ್ತನ್ನು ನೋಡಿ. ಬಾಯಿ ಮೊದಲು ರಕಾರ ಹೇಳುತ್ತದೆ, ಕೈ ಅದನ್ನು ಯಕಾರದ ಆಮೇಲೆ ಬರೆಯುತ್ತದೆ. 'ಸ್ತ್ರೀ' ಇನ್ನೂ ಕಷ್ಟ. ಈಕಾರದ ಗುರುತು ಮೇಲಿನ ಸಕಾರಕ್ಕೆ ಅಂಟಿಕೊಂಡಿದೆ, ತಕಾರ ರಕಾರ ಕೆಳಗೆ ಜೋತುಬಿದ್ದಿವೆ. ಓದುವಾಗ ಕಣ್ಣು ಮೇಲಿಂದ ಕೆಳಗೆ ಹೋಗಿ ಮತ್ತೆ ಮೇಲಕ್ಕೆ ಬಂದು ಈಕಾರ ಹೇಳಬೇಕು. ನಮಗೆ ಇದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಆಗುತ್ತದೆ. ಆ ಹುಡುಗನಿಗೆ ಪ್ರತಿ ಸಲವೂ ಲೆಕ್ಕ ಬಿಡಿಸಿದ ಹಾಗೆ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಅಕ್ಷರಗಳ ಮೇಲೆ ಹಿಡಿತ ಬರಲು ಎಲ್ಲ ಮಕ್ಕಳಿಗೂ ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು ವರ್ಷ ಬೇಕು ಅಂತಿದೆ. ಎಲ್ಲರಿಗೂ ಹಾಗಾದರೆ, ಬುದ್ಧಿ ಸರಿಯಿದ್ದೂ ಓದು ಬರಹ ಮಾತ್ರ ಕಷ್ಟವಾಗುವ ಕಲಿಕಾ ನ್ಯೂನತೆ ಇರುವ ಮಗುವಿಗೆ ಎಷ್ಟು ಬೇಕು, ಅಲ್ವಾ?

ಡಾಕ್ಟರ ಚೀಟಿ

ಮುಂದಿನದು ಸರ್ಟಿಫಿಕೇಟಿಗಾಗಿ ಓಡಾಟ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು 7 ಬಗೆಯ ವೈಕಲ್ಯ. 2016ರ ಹೊಸ ಕಾಯ್ದೆ ಅದನ್ನು 21 ಮಾಡಿತು. ನಿರ್ದಿಷ್ಟ ಕಲಿಕಾ ನ್ಯೂನತೆ ಆಗ ಒಳಗೆ ಬಂತು. ಕಾಗದದ ಮೇಲೆ ಎಲ್ಲ ಇದೆ. ಆಗ ಜಾರಿಯಲ್ಲಿದ್ದ 2018ರ ಕೇಂದ್ರದ ಮಾರ್ಗಸೂಚಿಯಲ್ಲಿ ಬೇರೆಯವರ ಕೈಯಲ್ಲಿ ಬರೆಸಲು ಅವಕಾಶ ಇತ್ತು, ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಇತ್ತು. ಆದರೆ ಸರ್ಟಿಫಿಕೇಟ್ ಬೇಕಿತ್ತು. ಎಂಟು ವರ್ಷ ದಾಟಿದ ಮೇಲೆ ಒಂದು, ಹದಿನಾಲ್ಕಕ್ಕೆ ಮತ್ತೆ, ಹದಿನೆಂಟಕ್ಕೆ ಮತ್ತೆ. ನಮ್ಮ ಹುಡುಗನಿಗೆ ಹದಿನಾಲ್ಕು ಆಗಿತ್ತು. ಎಂಟರ ಸರ್ಟಿಫಿಕೇಟಿನ ಮಾತೇ ಯಾರೂ ಎತ್ತಿರಲಿಲ್ಲ.

ಅವನ ಅಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಒಂದು ದಿನ ರಜೆ ಹಾಕಿದರೆ ಆ ದಿನದ ಸಂಬಳ ಹೋಗುತ್ತದೆ, ಜೊತೆಗೆ ತಿಂಗಳ ಹಾಜರಿ ಬೋನಸ್ಸೂ ಹೋಗುತ್ತದೆ. ಒಟ್ಟು ಮೂರು ದಿನ ಬೇಕಾಯಿತು. ಒಂದು ದಿನ ಅವರು ಹೋದರು, ಒಂದು ದಿನ ನಾನು ಹೋದೆ, ಕೊನೆಯ ದಿನ ಇಬ್ಬರೂ. ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸಿ ದೊಡ್ಡ ಆಸ್ಪತ್ರೆಗೆ. ದಾರಿಯುದ್ದಕ್ಕೂ ಅವನು ಬಸ್ಸುಗಳ ನಂಬರ್ ಹೇಳುತ್ತಿದ್ದ. ಯಾವ ನಂಬರು ಎಲ್ಲಿಂದ ಎಲ್ಲಿಗೆ, ಯಾವುದು ಎಲ್ಲಿ ತಿರುಗುತ್ತದೆ, ಎಲ್ಲ. ಬೋರ್ಡು ಓದಲಾಗದವನು ಇಡೀ ಊರನ್ನು ನಂಬರಿನಲ್ಲಿ ಕಲಿತಿದ್ದ.

ಕೊನೆಯ ದಿನ ಅಮ್ಮನೂ ಬಂದಿದ್ದರು. ಡಾಕ್ಟರು ಸಮಾಧಾನವಾಗಿ ವಿವರಿಸಿದರು. ಬುದ್ಧಿಗೆ ಏನೂ ಕಮ್ಮಿ ಇಲ್ಲ, ಓದು ಬರಹಕ್ಕೆ ಮಾತ್ರ ತೊಂದರೆ ಅಂದರು. ಅಮ್ಮ ಅಳಲಿಲ್ಲ. ಕೇಳಿದ್ದು ಒಂದೇ: 'ಇದನ್ನೇ ಒಂದು ಚೀಟಿಲಿ ಕನ್ನಡದಲ್ಲಿ ಬರೆದು ಕೊಡ್ತೀರಾ ಸರ್? ನಮ್ಮಣ್ಣಂಗೆ ತೋರಿಸ್ಬೇಕು.' ಡಾಕ್ಟರು ಬರೆದು ಕೊಟ್ಟರು. ಮೂರು ಸಾಲು. ಅದನ್ನು ಮಡಚಿ ಫ್ಯಾಕ್ಟರಿ ಐಡಿ ಕಾರ್ಡಿನ ಹಿಂದಿನ ಪ್ಲಾಸ್ಟಿಕ್ಕಿಗೆ ಸೇರಿಸಿದರು. ನನ್ನ ಷರಾಗಳಿಗೆ ಒತ್ತಿ ಒತ್ತಿ ಸಹಿ ಹಾಕಿದ್ದ ಕೈ ಅದು. ಪ್ರತಿ ಷರಾ ಬಂದಾಗಲೂ ಆ ಮನೆಯಲ್ಲಿ ಏನಾಗುತ್ತಿತ್ತು, ಅಣ್ಣ ಅನ್ನುವವರು ಏನು ಹೇಳುತ್ತಿದ್ದರು, ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಹೈಸ್ಕೂಲಿನ ಮಗು ಯಾರದು?

ಪ್ರೈಮರಿಯಲ್ಲಿ ಒಬ್ಬ ಟೀಚರ್ ಹೆಚ್ಚುಕಡಿಮೆ ಇಡೀ ದಿನ ಮಗುವಿನ ಜೊತೆ ಇರುತ್ತಾರೆ. ಬೆಳಿಗ್ಗೆ ಸಪ್ಪಗಿದ್ದ ಮುಖ ಮಧ್ಯಾಹ್ನವೂ ಸಪ್ಪಗಿದ್ದರೆ ಕಾಣುತ್ತದೆ. ಹೈಸ್ಕೂಲಿನಲ್ಲಿ ನಲವತ್ತು ನಿಮಿಷಕ್ಕೊಮ್ಮೆ ಬೆಲ್ ಆಗುತ್ತದೆ, ಟೀಚರ್ ಬದಲಾಗುತ್ತಾರೆ. ಮಗು ಕನ್ನಡದಲ್ಲಿ ಹಿಂದೆ ಇದ್ದರೆ ಅದು ನನ್ನ ಕೆಲಸ, ಗಣಿತದಲ್ಲಿ ಹಿಂದೆ ಇದ್ದರೆ ಗಣಿತದ ಸರ್ ಕೆಲಸ. ಮಗುವೇ ಹಿಂದೆ ಬಿದ್ದರೆ? ಮೈ ಬದಲಾಗುವ, ಮನಸ್ಸು ಗಲಿಬಿಲಿಯಾಗುವ ವಯಸ್ಸಿನಲ್ಲೇ, ತನ್ನನ್ನು ಪೂರ್ತಿಯಾಗಿ ನೋಡುವ ದೊಡ್ಡವರು ಶಾಲೆಯಲ್ಲಿ ಇಲ್ಲದಂತಾಗುತ್ತಾರೆ.

ಕ್ಲಾಸ್ ಟೀಚರ್ ಇದ್ದಾರಲ್ಲ ಅನ್ನಬಹುದು. ನಾನೇ ಕ್ಲಾಸ್ ಟೀಚರ್. ಹಾಜರಿ, ಸ್ಯಾಟ್ಸ್ ಅನ್ನುವ ಇಲಾಖೆಯ ಆನ್‌ಲೈನ್ ದಾಖಲೆಗೆ ಎಂಟ್ರಿ, ಸ್ಕಾಲರ್‌ಶಿಪ್‌ಗೆ ಆಧಾರ್ ಜೋಡಣೆ, ಬಸ್ ಪಾಸ್, ಶೂ ಅಳತೆ, ಹಾಲು ಮೊಟ್ಟೆಯ ಲೆಕ್ಕ. ಇದೆಲ್ಲ ಮಕ್ಕಳಿಗಾಗಿಯೇ, ಬೇಡ ಅಂತ ಹೇಳುತ್ತಿಲ್ಲ. ಆದರೆ ಈ ಯಾವ ನಮೂನೆಯಲ್ಲೂ 'ಈ ಮಗು ಹೇಗಿದೆ' ಅಂತ ಕೇಳುವ ಕಾಲಂ ಇಲ್ಲ. ಇರುವುದು ಷರಾ ಒಂದೇ. ಅದರಲ್ಲಿ ನಾಲ್ಕೈದು ಪದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ.

ಹತ್ತನೇ ತರಗತಿಗೆ ಬಂದರಂತೂ ಎಲ್ಲರ ಕಣ್ಣೂ ಮಗುವಿನ ಮೇಲೆ ಬೀಳುತ್ತದೆ, ಆದರೆ ಅಂಕದ ಮೂಲಕ. ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಕೊಡುವ ಪಾಸಿಂಗ್ ಪ್ಯಾಕೇಜ್ ಬರುತ್ತದೆ, ಟೀಚರುಗಳು ನಾಲ್ಕೈದು ಮಕ್ಕಳನ್ನು ದತ್ತು ತೆಗೆದುಕೊಳ್ಳುತ್ತೇವೆ, ಬೆಳಿಗ್ಗೆ ಐದಕ್ಕೆ ಫೋನ್ ಮಾಡಿ ಎಬ್ಬಿಸುತ್ತೇವೆ. ಇದನ್ನು ಹಗುರ ಮಾಡಲಾರೆ. ಚಳಿಯಲ್ಲಿ ಎದ್ದು ಇನ್ನೊಬ್ಬರ ಮಗುವಿಗೆ ಫೋನ್ ಮಾಡುವುದೂ ಪ್ರೀತಿಯೇ. ಒಂದು ವರ್ಷ ನಾನು ದಿನಾ ಎಬ್ಬಿಸುತ್ತಿದ್ದ ಹುಡುಗಿಯೊಬ್ಬಳು ಪರೀಕ್ಷೆ ಎಲ್ಲ ಮುಗಿದ ಮೇಲೆ ಹೇಳಿದಳು, ಅವಳು ಮಲಗುತ್ತಿದ್ದದ್ದು ರಾತ್ರಿ ಒಂದು ಗಂಟೆಗಂತೆ. ಅಪ್ಪನ ಎಗ್‌ರೈಸ್ ಗಾಡಿಯ ಪಾತ್ರೆಗಳನ್ನು ತೊಳೆದಿಟ್ಟು. ಎರಡು ತಿಂಗಳು ದಿನವೂ ಫೋನ್ ಮಾಡಿದ್ದೆ. ಎಷ್ಟು ಹೊತ್ತಿಗೆ ಮಲಗಿದೆ ಅಂತ ಒಂದು ದಿನ ಕೇಳಿದ್ದರೆ ಸಾಕಿತ್ತು.

ನನ್ನ ತಂಗಿ ಇಂಗ್ಲೆಂಡಿನಲ್ಲಿದ್ದಾಳೆ. ಅವಳ ಮಗ ಅಲ್ಲಿನ ಸೆಕೆಂಡರಿ ಸ್ಕೂಲಿಗೆ ಸೇರಿದಾಗ ಕೊಟ್ಟ ಒಂದು ಕಾಗದವನ್ನು ನನಗೆ ಕಳಿಸಿದ್ದಳು. ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಮಕ್ಕಳ ಜೊತೆ ಕೂರುವ ಫಾರ್ಮ್ ಟ್ಯೂಟರ್ ಯಾರು, ಕಲಿಕೆಯಲ್ಲಿ ವಿಶೇಷ ಅಗತ್ಯ ಇದ್ದರೆ ಯಾರ ಹತ್ತಿರ ಹೋಗಬೇಕು ಅಂತ ಹೆಸರು ಸಮೇತ ಇತ್ತು. ಎರಡನೆಯವರನ್ನು ಸೆಂಕೋ ಅನ್ನುತ್ತಾರೆ. ಅಲ್ಲಿನ 2014ರ ಮಕ್ಕಳ ಮತ್ತು ಕುಟುಂಬಗಳ ಕಾಯ್ದೆಯ ಪ್ರಕಾರ ಸರ್ಕಾರಿ ಹಣದಲ್ಲಿ ನಡೆಯುವ ಸಾಮಾನ್ಯ ಶಾಲೆಗಳಲ್ಲಿ ಅಂಥ ಒಬ್ಬ ಟೀಚರ್ ಇರಲೇಬೇಕು. ಅಲ್ಲೂ ತಪಾಸಣೆಗೆ ತಿಂಗಳುಗಟ್ಟಲೆ ಕಾಯಬೇಕು, ಎಲ್ಲ ಸುಖ ಅಂದುಕೊಳ್ಳಬೇಡ ಅಂತಾಳೆ ತಂಗಿ. ಇರಬಹುದು. ನನಗೆ ಆಸೆ ಹುಟ್ಟಿಸಿದ್ದು ಆ ಕಾಗದದ ಮೇಲಿದ್ದ ಹೆಸರು. ಇಂಥ ಮಗುವಿಗೆ ಇಂಥವರು. ನಮ್ಮಲ್ಲೂ ವಿಶೇಷ ಅಗತ್ಯದ ಮಕ್ಕಳಿಗಾಗಿ ಬ್ಲಾಕಿಗೆ ಇಷ್ಟು ಅಂತ ಬಿಐಇಆರ್‌ಟಿ ಟೀಚರುಗಳಿದ್ದಾರೆ. ನಮ್ಮ ಶಾಲೆಗೆ ಬರುವವರು ಬಹಳ ಒಳ್ಳೆಯವರು, ಆ ಹುಡುಗನ ಅರ್ಜಿ ತುಂಬಿಸಿದ್ದೇ ಅವರು. ಆದರೆ ಇಡೀ ಬ್ಲಾಕಿನ ಶಾಲೆಗಳನ್ನು ಹಂಚಿಕೊಂಡು ಸುತ್ತುವವರು, ಒಂದು ಮಂಗಳವಾರ ಬೆಳಿಗ್ಗೆ ಒಂದು ಮಗುವಿನ ಮುಖ ಬಾಡಿದ್ದನ್ನು ಹೇಗೆ ನೋಡಲಾದೀತು?

ಸಾಲು ಬಿಟ್ಟು ಹೋದವಳು

ಮುಖ ನೋಡುವವರು ಬೇರೆ ಇದ್ದಾರೆ. ನಮ್ಮ ಬಿಸಿಯೂಟದ ಅಕ್ಕ.

2024ರ ಫೆಬ್ರವರಿ. ಬೋರ್‌ವೆಲ್‌ಗಳು ಒಣಗಿ ಬೆಂಗಳೂರು ಟ್ಯಾಂಕರ್ ಕಾಯುತ್ತಿದ್ದ ಬೇಸಿಗೆ ಶುರುವಾಗಿತ್ತು. ಒಂದು ಮಧ್ಯಾಹ್ನ ಅಕ್ಕ ಸೌಟು ಹಿಡಿದೇ ನನ್ನ ಹತ್ತಿರ ಬಂದರು. 'ಮಿಸ್, ಎಂಟನೇ ಕ್ಲಾಸಿನ ಆ ಉದ್ದ ಜಡೆ ಮಗು ಒಂದು ವಾರದಿಂದ ಊಟ ಮಾಡ್ತಿಲ್ಲ. ತಟ್ಟೆ ಹಿಡ್ಕೊಂಡು ಸಾಲಲ್ಲಿ ನಿಲ್ತಾಳೆ, ಅರ್ಧಕ್ಕೆ ಬಿಟ್ಟು ಹೋಗ್ತಾಳೆ. ಮುಂಚೆ ಎರಡು ಸಲ ಸಾರು ಹಾಕಿಸ್ಕೊಳ್ಳೋಳು.' ನನ್ನ ಹಾಜರಿ ಪುಸ್ತಕದಲ್ಲಿ ಆ ಹುಡುಗಿ ದಿನವೂ ಹಾಜರು. ಹೋಂವರ್ಕ್ ಸರಿಯಾಗಿತ್ತು. ನನಗೆ ಏನೂ ಕಂಡಿರಲಿಲ್ಲ.

ಅವಳನ್ನು ಕರೆದು ಏನಾಯ್ತು ಅಂದರೆ ಏನಿಲ್ಲ ಮಿಸ್ ಅಂದಳು. ಎರಡು ದಿನ ಅದೇ ಉತ್ತರ. ಮೂರನೇ ದಿನ ಪ್ರಶ್ನೆ ಬಿಟ್ಟು, ಲೈಬ್ರರಿ ಪುಸ್ತಕಗಳಿಗೆ ನಂಬರ್ ಅಂಟಿಸಲು ಜೊತೆಗೆ ಕೂರಿಸಿಕೊಂಡೆ. ಕೈಗೆ ಕೆಲಸ ಇದ್ದರೆ ಕಣ್ಣು ನೋಡಿ ಮಾತಾಡಬೇಕಾಗಿಲ್ಲವಲ್ಲ. ಇಪ್ಪತ್ತು ಪುಸ್ತಕ ಆದ ಮೇಲೆ ಅವಳೇ ಹೇಳಿದಳು. ಅಮ್ಮ ಜಗಳ ಆಡಿಕೊಂಡು ಯಾದಗಿರಿ ಕಡೆಯ ತವರಿಗೆ ಹೋಗಿ ಹದಿನೈದು ದಿನ ಆಗಿತ್ತು. ಅಪ್ಪ, ಇಬ್ಬರು ತಮ್ಮಂದಿರು, ಅಡುಗೆ, ಬೆಳಗಿನ ಜಾವ ನಾಲ್ಕಕ್ಕೆ ನೀರಿಗೆ ಬಿಂದಿಗೆ ಸಾಲು. 'ಬೇರೆ ಎಲ್ಲ ಟೈಮಲ್ಲಿ ಓಕೆ ಮಿಸ್. ಊಟಕ್ಕೆ ಕೂತ್ರೆ ಮಾತ್ರ ಅಳು ಬರುತ್ತೆ. ಎಲ್ರೂ ನೋಡ್ತಾರೆ ಅಂತ ಎದ್ದು ಹೋಗ್ತೀನಿ.'

ನಾನು ತರಬೇತಿ ಪಡೆದ ಕೌನ್ಸೆಲರ್ ಅಲ್ಲ. ರಾತ್ರಿಯಿಡೀ ಯೋಚಿಸಿ ಮರುದಿನ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿಕೊಟ್ಟೆ. 2022ರ ಅಕ್ಟೋಬರ್ 10ರಂದು ಶುರುವಾದ, ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಅದು. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ದೇಶಕ್ಕೆಲ್ಲ ಇದನ್ನು ಮುನ್ನಡೆಸುವುದು ನಮ್ಮ ನಿಮ್ಹಾನ್ಸೇ. ಅವಳು ಖಾಲಿ ಲ್ಯಾಬಿನಲ್ಲಿ ಕೂತು ಮಾತಾಡಿದಳು, ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ಮಧ್ಯೆ ಒಂದು ಸಲ ಅವಳು ನಕ್ಕಿದ್ದು ಕೇಳಿಸಿತು. ಅಡುಗೆಯ ಅಕ್ಕ ಇನ್ನೊಂದು ದಾರಿ ಮಾಡಿದರು. ಅಡುಗೆಕೋಣೆಯ ಹಿಂದೆ ಅಕ್ಕಿ ಮೂಟೆಗಳ ಪಕ್ಕ ಅವಳಿಗೆ ಒಂದು ಜಾಗ. ಅಳು ಬಂದರೂ ಯಾರೂ ನೋಡುವುದಿಲ್ಲ. ಅಲ್ಲಿ ಅವಳು ಊಟ ಮಾಡತೊಡಗಿದಳು.

ಆಮೇಲೆ ನಾನು ಮಾಡಿದ್ದನ್ನು ಬರೆಯದೇ ಇದ್ದರೆ ಈ ಬರಹ ಸುಳ್ಳಾಗುತ್ತದೆ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ, ಪಾಪ ಆ ಹುಡುಗಿ ಅಂತ ಎಲ್ಲವನ್ನೂ ಹೇಳಿಬಿಟ್ಟೆ. ಎಲ್ಲರೂ ಅವಳ ಬಗ್ಗೆ ಸ್ವಲ್ಪ ಮೆತ್ತಗಿರಲಿ ಅನ್ನುವುದೇ ನನ್ನ ಉದ್ದೇಶ. ಮರುದಿನ ಸಹೋದ್ಯೋಗಿಯೊಬ್ಬರು ತುಂಬಿದ ಕ್ಲಾಸಿನಲ್ಲಿ, ಒಳ್ಳೆಯ ಮನಸ್ಸಿನಿಂದಲೇ, 'ಏನಮ್ಮಾ, ಅಮ್ಮ ವಾಪಸ್ ಬಂದ್ರಾ?' ಅಂತ ಕೇಳಿದರು. ಅವಳು ಎರಡು ವಾರ ನನ್ನ ಮುಖ ನೋಡಲಿಲ್ಲ. ಹೋಂವರ್ಕ್ ಪುಸ್ತಕವನ್ನು ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದಳು. ಯುಗಾದಿ ಹೊತ್ತಿಗೆ ಅಮ್ಮ ಬಂದರು, ಮನೆ ಒಂದು ಹಂತಕ್ಕೆ ಬಂತು. ಆದರೆ ಅವಳು ಆ ಪುಸ್ತಕ ಅಂಟಿಸಿದ ದಿನದ ಹಾಗೆ ನನ್ನ ಹತ್ತಿರ ಮತ್ತೆ ಮಾತಾಡಲಿಲ್ಲ. ಮಗು ಹೇಳಿದ್ದನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಅಂತ ಬಿ.ಎಡ್‌ನಲ್ಲಿ ಒಂದು ದಿನವಾದರೂ ಕಲಿಸಬೇಕು. ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸಲೇಬೇಕು, ಮಕ್ಕಳ ಸಹಾಯವಾಣಿ 1098 ಇದೆ. ಅಲ್ಲಿ ಸುಮ್ಮನಿರುವುದೇ ಅಪರಾಧ. ಮನೆಯ ದುಃಖ ಬೇರೆ. ಅದನ್ನು ಚಹಾದ ಜೊತೆ ಹಂಚಬಾರದು.

ಶನಿವಾರದ ಪೀರಿಯಡ್

ನಮ್ಮ ವೇಳಾಪಟ್ಟಿಯಲ್ಲಿ ಮೌಲ್ಯ ಶಿಕ್ಷಣ ಅಂತ ಒಂದು ಪೀರಿಯಡ್ ಇತ್ತು. ಗಣಿತ, ವಿಜ್ಞಾನ ಅದನ್ನು ಯಾವಾಗಲೋ ನುಂಗಿದ್ದವು. ಹೆಡ್ ಮಿಸ್ ಹತ್ತಿರ ಹೋಗಿ ಅದು ನನಗೆ ಬೇಕು ಅಂದೆ. ಏನು ಪಾಠ ಮಾಡ್ತೀರಾ ಅಂದರು. ಏನೂ ಮಾಡಲ್ಲ, ಮಕ್ಕಳನ್ನು ನೋಡ್ತೀನಿ ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಶನಿವಾರದ ಕೊನೇ ಪೀರಿಯಡ್ ತಗೊಳ್ಳಿ ಅಂದರು.

ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಒಂದು ಮಗುವಿಗೆ ಒಂದು ಎಲೆ. ಅಂಕ ಬರೆಯುವುದಿಲ್ಲ, ಹೇಳಬಾರದ್ದನ್ನೂ ಬರೆಯುವುದಿಲ್ಲ. ಪುಸ್ತಕ ನನ್ನ ಬ್ಯಾಗಿನಿಂದ ಹೊರಗೆ ಬರುವುದಿಲ್ಲ. ಯಾರ ಜೊತೆ ಊಟಕ್ಕೆ ಕೂರುತ್ತಾನೆ, ಮನೆಗೆ ಯಾರ ಜೊತೆ ನಡೆಯುತ್ತಾಳೆ, ಮನೆ ಬೀಗ ತೆಗೆಯುವವರು ಯಾರು, ಏನು ಕೇಳಿದರೆ ಮುಖ ಅರಳುತ್ತದೆ. ಮಕ್ಕಳು ಕ್ಯಾರಂ ಆಡುತ್ತಾರೆ, ಕೆಲವರು ಸುಮ್ನೆ ಡೆಸ್ಕಿಗೆ ತಲೆ ಇಟ್ಟು ಮಲಗುತ್ತಾರೆ, ಮಲಗಲಿ. ಹೋದ ವರ್ಷ ಈ ಪೀರಿಯಡ್‌ನಲ್ಲೇ ಇಬ್ಬರಿಗೆ ಬೋರ್ಡು ಕಾಣುವುದಿಲ್ಲ ಅಂತ ಗೊತ್ತಾಯಿತು. ಇನ್ನೊಬ್ಬಳು ಕರೆದಾಗೆಲ್ಲ ಬಲಕ್ಕೇ ತಿರುಗುತ್ತಿದ್ದಳು, ಎಡಗಿವಿ ಕೇಳುತ್ತಿರಲಿಲ್ಲ. ಕನ್ನಡಕ ಬಂತು, ಬೆಂಚು ಬದಲಾಯಿತು. ಬೋರ್ಡು ಕಾಣದ ಆ ಇಬ್ಬರಲ್ಲಿ ಒಬ್ಬನ ಹಳೇ ಷರಾದಲ್ಲೂ ಗಮನ ಕೊಡುವುದಿಲ್ಲ ಅಂತಲೇ ಇತ್ತು. ಈ ಸಲ ಬರೆದವರು ನಾನಲ್ಲ ಅನ್ನುವುದು ಏನೂ ಸಮಾಧಾನ ಅಲ್ಲ.

ಪ್ರತಿ ಹೈಸ್ಕೂಲಿಗೂ ಒಬ್ಬ ಕೌನ್ಸೆಲರ್ ಬೇಕು, ಅದನ್ನು ಕೇಳುತ್ತಲೇ ಇರಬೇಕು. ಆದರೆ ಕೌನ್ಸೆಲರ್ ಬಂದ ಮೇಲೂ, ಯಾವ ಮಗುವನ್ನು ಅವರ ಹತ್ತಿರ ಕಳಿಸಬೇಕು ಅಂತ ಗುರುತಿಸುವವರು ಬೇಕಲ್ಲ. ಅದಕ್ಕೆ ವಾರಕ್ಕೆ ನಲವತ್ತು ನಿಮಿಷ ಕೇಳುವುದು ಜಾಸ್ತಿ ಅಂತ ನನಗೆ ಅನ್ನಿಸುವುದಿಲ್ಲ.

ಆ ಹುಡುಗ 2025ರ ಮಾರ್ಚ್‌ನಲ್ಲಿ ಎಸ್‌ಎಸ್‌ಎಲ್‌ಸಿ ಬರೆದ. ಅವನು ಹೇಳಿದ, ಒಂಬತ್ತನೇ ತರಗತಿಯ ಹುಡುಗಿ ಬರೆದಳು. ಹೇಳಿ ಬರೆಸುವುದೂ ಕಲಿಯಬೇಕಾದ ಕೆಲಸ ಅಂತ ನಮಗೆ ತಿಳಿದದ್ದು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ. ಚಿಕ್ಕ ಹುಡುಗಿಯ ಮುಂದೆ ತಪ್ಪು ಹೇಳಿಬಿಟ್ಟರೆ ಅನ್ನುವ ನಾಚಿಕೆಗೆ ಅರ್ಧ ಗಂಟೆ ಬಾಯೇ ಬಿಟ್ಟಿರಲಿಲ್ಲ. ಆಮೇಲೆ ಆರು ಶನಿವಾರ ಇಬ್ಬರನ್ನೂ ಕೂರಿಸಿ ಅಭ್ಯಾಸ ಮಾಡಿಸಿದೆ. ಎಲ್ಲಿ ಪೂರ್ಣವಿರಾಮ, ಎಲ್ಲಿ ಹೊಸ ಸಾಲು, ಎಲ್ಲಿ ಸ್ವಲ್ಪ ತಾಳು. ಕನ್ನಡದಲ್ಲಿ 125ಕ್ಕೆ 71 ಬಂತು. ಈಗ ಐಟಿಐ ಫಿಟ್ಟರ್ ಓದುತ್ತಿದ್ದಾನೆ. ಹಬ್ಬಕ್ಕೆ ನನಗೆ ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಾನೆ. ಉದ್ದುದ್ದ ಇರುತ್ತವೆ, ಮಧ್ಯೆ ಮಷೀನಿನ ಸದ್ದು.

ಬೀರುವಿನಲ್ಲಿ ಸಿಕ್ಕ ಅವನ ಪ್ರಗತಿ ಪತ್ರವನ್ನು ಕಟ್ಟಿನೊಳಗೆ ವಾಪಸ್ ಇಡಲು ಆಗಲಿಲ್ಲ. ಈ ವರ್ಷದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇಟ್ಟಿದ್ದೇನೆ. ಈ ಸಲ 46 ಮಕ್ಕಳು. ಹನ್ನೊಂದು ಎಲೆಗಳು ಇನ್ನೂ ಖಾಲಿ. ಅವುಗಳಲ್ಲಿ ಒಂದು ಕಿಟಕಿ ಪಕ್ಕದ ಮೂರನೇ ಬೆಂಚಿನ ಹುಡುಗಿಯದು. ಅಕ್ಷರ ಮುದ್ದಾಗಿದೆ, ಹಾಜರಿ ಪೂರ್ತಿ, ಯಾರ ತಂಟೆಗೂ ಹೋಗುವುದಿಲ್ಲ. ಜೂನ್‌ನಿಂದ ಅವಳ ಧ್ವನಿಯನ್ನು ನಾನು ಹಾಜರಿ ಕೂಗುವಾಗ ಮಾತ್ರ ಕೇಳಿದ್ದೇನೆ. ಈ ಶನಿವಾರ ಲೈಬ್ರರಿ ಪುಸ್ತಕಗಳಿಗೆ ಹೊಸ ನಂಬರ್ ಅಂಟಿಸುವ ಕೆಲಸ ಇದೆ. ಅವಳನ್ನು ಕರೆಯಬೇಕು.